ಕಲ್ಲು ಹೋದ ಜಾಗದಲ್ಲಿ ನೀರು

ಮಕ್ಕಳೇ, ನಿಮ್ಮ ಮನೆಯ ಗೋಡೆ ಯಾವ ಕಲ್ಲಿನದ್ದು? ಪುತ್ತೂರು, ಸುಳ್ಯ, ಕಡಬದ ಕಡೆಯವರಾದರೆ ಹೆಚ್ಚಿನವರ ಉತ್ತರ ಒಂದೇ: ಕೆಂಪು ಕಲ್ಲು. ತುಳುವಿನಲ್ಲಿ ಮುರಕಲ್ಲು. ಶಾಲೆಯ ಗೋಡೆ, ಹಟ್ಟಿಯ ಗೋಡೆ, ತೋಟದ ಪಾಗಾರ, ಬಾವಿಯ ಕಟ್ಟೆ, ಊರ ದೈವಸ್ಥಾನದ ಕಟ್ಟೆ ಎಲ್ಲದಕ್ಕೂ ಅದೇ. ಸಿಮೆಂಟು ಬಳಿದು ಬಣ್ಣ ಹೊಡೆದ ಮನೆಯಲ್ಲಿಯೂ ಒಂದು ಮೂಲೆಯಲ್ಲಿ ಸಾರಣೆ ಕಿತ್ತು ನೋಡಿದರೆ ಒಳಗಿನಿಂದ ಕೆಂಪು ಇಣುಕುತ್ತದೆ.

ಈಗ ಎರಡನೆಯ ಪ್ರಶ್ನೆ. ಆ ಕಲ್ಲು ಎಲ್ಲಿಂದ ಬಂತು? ಲಾರಿಯಲ್ಲಿ ಬಂತು ಎಂದರೆ ಸಾಲದು. ಲಾರಿಗೆ ಎಲ್ಲಿಂದ ಬಂತು? ಯಾವುದೋ ಗುಡ್ಡದ ಮೇಲೆ, ನಿಮ್ಮ ಮನೆಗೆ ಬೇಕಾದಷ್ಟು ಕಲ್ಲು ತೆಗೆದ ಒಂದು ಹೊಂಡ ಇದ್ದೇ ಇದೆ. ಮನೆ ಕಟ್ಟಿ ಗೃಹಪ್ರವೇಶ ಮಾಡಿ ಹೋಳಿಗೆ ಉಂಡು ನಾವೆಲ್ಲ ಮರೆತುಬಿಡುತ್ತೇವೆ. ಹೊಂಡ ಮಾತ್ರ ಅಲ್ಲೇ ಇರುತ್ತದೆ. ಮಳೆಗಾಲದಲ್ಲಿ ಅದು ತುಂಬುತ್ತದೆ. ತುಂಬಿದ ಮೇಲೆ ಮಕ್ಕಳನ್ನು ಕರೆಯುತ್ತದೆ. ಈ ವಾರ ನಾನು ಹೇಳಹೊರಟದ್ದು ಆ ಹೊಂಡದ ಕಥೆಯನ್ನು.

ಕೊಯ್ಯುವಾಗ ಮೆದು, ಕಟ್ಟಿದ ಮೇಲೆ ಗಟ್ಟಿ

ಕೆಂಪು ಕಲ್ಲು ಸಾಮಾನ್ಯ ಕಲ್ಲಲ್ಲ. ಕರಿಕಲ್ಲು, ಅಂದರೆ ಗ್ರಾನೈಟ್ ಜಾತಿಯ ಕಲ್ಲು, ಭೂಮಿಯೊಳಗಿನ ಬಿಸಿಯಲ್ಲಿ ಆದದ್ದು. ಕೆಂಪು ಕಲ್ಲನ್ನು ಮಾಡಿದ್ದು ಮಳೆ ಮತ್ತು ಬಿಸಿಲು. ಲಕ್ಷಾಂತರ ವರ್ಷ ಮಳೆ ಸುರಿದು, ಬಿಸಿಲು ಕಾಯ್ದು, ಅಡಿಯ ಬಂಡೆಯಲ್ಲಿದ್ದ ಕರಗುವ ಅಂಶಗಳೆಲ್ಲ ತೊಳೆದು ಹೋದವು. ಕರಗದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಆ ಕಬ್ಬಿಣಕ್ಕೆ ಹಿಡಿದ ತುಕ್ಕಿನ ಬಣ್ಣವೇ ನಮ್ಮ ಗುಡ್ಡದ ಕೆಂಪು. ಮಳೆಗಾಲದಲ್ಲಿ ಶಾಲೆಯಿಂದ ಬರುವಾಗ ನಿಮ್ಮ ಬಿಳಿ ಅಂಗಿಯ ಬೆನ್ನಿಗೆ ಹಾರುವ ಕೆಸರೂ ಅದೇ. ಅಮ್ಮ ಎಷ್ಟು ಉಜ್ಜಿದರೂ ಹೋಗದಿರುವುದಕ್ಕೆ ಕಾರಣ ಈಗ ಗೊತ್ತಾಯಿತಲ್ಲ!

ಈ ಕಲ್ಲಿಗೆ ಇಡೀ ಪ್ರಪಂಚದಲ್ಲಿ ಇಂದು ಇರುವ ಹೆಸರು ಲ್ಯಾಟರೈಟ್. ಆ ಹೆಸರು ಹುಟ್ಟಿದ್ದು ನಮ್ಮ ಕರಾವಳಿಯಲ್ಲಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಹೊಸದಾಗಿ ಕೈಸೇರಿದ ಸೀಮೆಯಲ್ಲಿ ಏನೇನಿದೆ ಎಂದು ನೋಡಿ ಬರಲು ಈಸ್ಟ್ ಇಂಡಿಯಾ ಕಂಪೆನಿಯವರು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯರನ್ನು ಕಳುಹಿಸಿದರು. ಅವರು 1800 ಮತ್ತು 1801ರಲ್ಲಿ ಮೈಸೂರು, ಮಲಬಾರ್, ಕೆನರಾ ಸುತ್ತಿದರು. ಬೆಳೆ, ಬೆಲೆ, ಜಾತಿ, ಮಣ್ಣು, ಕಲ್ಲು ಕಂಡದ್ದನ್ನೆಲ್ಲ ಬರೆದುಕೊಂಡರು. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ನೋಡಿ ಅವರಿಗೆ ಸೋಜಿಗವಾಯಿತು. ನೆಲದೊಳಗೆ ಇರುವಾಗ ಕಬ್ಬಿಣದ ಸಾಮಾನಿನಿಂದ ಸಲೀಸಾಗಿ ಕಡಿಯಬಹುದು; ಹೊರಗೆ ತೆಗೆದು ಗಾಳಿಗೆ ಒಡ್ಡಿದರೆ ಇಟ್ಟಿಗೆಯಷ್ಟು ಗಟ್ಟಿ. ಇಲ್ಲಿನ ಜನ ಇದನ್ನು ಇಟ್ಟಿಗೆ ಕಲ್ಲು ಎನ್ನುತ್ತಾರೆ ಎಂದೂ ಅವರು ಗುರುತು ಮಾಡಿಕೊಂಡರು. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. 1807ರಲ್ಲಿ ಲಂಡನ್ನಿನಲ್ಲಿ ಅವರ ಪುಸ್ತಕ ಮೂರು ಸಂಪುಟಗಳಲ್ಲಿ ಅಚ್ಚಾದಾಗ ನಮ್ಮ ಇಟ್ಟಿಗೆ ಕಲ್ಲು ಲ್ಯಾಟರೈಟ್ ಆಗಿ ಪ್ರಪಂಚಕ್ಕೆ ಪರಿಚಯವಾಯಿತು. ಅಂಗಾಡಿಪುರದಲ್ಲಿ ಇದರ ನೆನಪಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೇ ಇದೆ.

ನಾನು ಸಣ್ಣವನಿದ್ದಾಗ ಕಲ್ಲು ಕಡಿಯುವುದೆಂದರೆ ಪೂರ್ತಿ ಕೈಕೆಲಸ. ಮೇಲಿನ ಮಣ್ಣು ಸರಿಸಿ, ನೂಲು ಹಿಡಿದು ಗೆರೆ ಹಾಕಿ, ಗೆರೆಯ ಉದ್ದಕ್ಕೂ ಪಿಕ್ಕಾಸಿನಿಂದ ಕಡಿದು, ಅಡಿಗೆ ಹಾರೆ ಹಾಕಿ ಮೀಟಿದರೆ ಒಂದು ಕಲ್ಲು ಏಳುತ್ತಿತ್ತು. ಆಮೇಲೆ ಅದನ್ನು ಕೆತ್ತಿ ಹದ ಮಾಡಬೇಕು. ಒಂದಾಳು ಹೆಗಲಿಗೇರಿಸಿ ನಡೆಯುವಷ್ಟು ಭಾರ, ಸುಮಾರು ಮೂವತ್ತು ಕಿಲೋ. ದಿನವಿಡೀ ಕಡಿದರೂ ಹೊಂಡ ಆಳವಾಗುವುದಕ್ಕೆ ವರ್ಷಗಳೇ ಬೇಕಿದ್ದವು. ಈಗ ಗರಗಸದ ಯಂತ್ರ ಬಂದಿದೆ. ಹಳಿಯ ಮೇಲೆ ಓಡುತ್ತಾ ಕೇಕು ಕತ್ತರಿಸಿದ ಹಾಗೆ ಕಲ್ಲು ಕೊಯ್ಯುತ್ತದೆ. ಹೊಂಡದ ಬದಿಗಳೂ ಕೇಕಿನ ಬದಿಯ ಹಾಗೆ ನೆಟ್ಟಗೆ ನಿಲ್ಲುತ್ತವೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಕ್ಟೋಬರದ ಒಂದು ಹೊಂಡ

ದಸರಾ ರಜೆಗೆ ಬಂದಿದ್ದ ಮೊಮ್ಮಕ್ಕಳಿಬ್ಬರನ್ನು ಕಡಬದ ಕಡೆಯ ನಮ್ಮ ನೆಂಟರ ತೋಟಕ್ಕೆ ಕರೆದುಕೊಂಡು ಹೋಗಿದ್ದೆ. ತೋಟದ ಮೇಲಿನ ಗುಡ್ಡದಲ್ಲಿ ಹಳೆಯ ಕಲ್ಲಿನ ಕೋರೆ ಇದೆ. ಕಲ್ಲು ತೆಗೆಯುವುದು ನಿಂತು ಹತ್ತು ವರ್ಷಕ್ಕೆ ಮೇಲಾಯಿತು. ಅದರಲ್ಲಿ ಕಲ್ಲು ಕಡಿದಿದ್ದ ಮೇಸ್ತ್ರಿಯೊಬ್ಬರು ಹತ್ತಿರದಲ್ಲೇ ಇದ್ದಾರೆ, ನನ್ನದೇ ಪ್ರಾಯದವರು. ಅವರನ್ನೂ ಜೊತೆಗೆ ಬರಹೇಳಿದ್ದೆವು.

ಗುಡ್ಡ ಹತ್ತಿ ನೋಡಿದರೆ, ಹೇಳುವುದೇನು, ಚಂದವೇ. ಸುತ್ತ ಕೆಂಪು ಗೋಡೆ, ನಡುವೆ ಹಸುರು ನೀರು, ನೀರಿನಲ್ಲಿ ಆಕಾಶ. ಗೋಡೆಯ ಸಂದಿನಲ್ಲಿ ಜರಿಗಿಡ ಬೆಳೆದಿತ್ತು. ಒಂದು ಮಿಂಚುಳ್ಳಿ ಅತ್ತಿಂದಿತ್ತ ಹಾರಿ ಕೂತಿತು. ಏಳನೇ ಕ್ಲಾಸಿನ ಮೊಮ್ಮಗ ಚಪ್ಪಲಿ ಕಳಚಿಯೇ ಬಿಟ್ಟ. "ಅಜ್ಜ, ನಮ್ಮ ಬೆಂಗಳೂರಿನ ಸ್ವಿಮ್ಮಿಂಗ್ ಪೂಲಿಗಿಂತ ಇದೇ ದೊಡ್ಡದುಂಟಲ್ಲ! ಇಳಿಯಬಹುದಾ?"

ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿಯವರು ಅವನ ಕೈ ಹಿಡಿದರು. "ಬ್ಯಾಂಕಿನವರೇ, ಮಕ್ಕಳನ್ನು ಕರೆಗೆ ಬಿಡಬೇಡಿ. ಇದರ ಅಂಚು ನಂಬುವಂಥದ್ದಲ್ಲ" ಎಂದರು. ಕಲ್ಲು ತೆಗೆಯುವಾಗ ಬೇಡದ ಮಣ್ಣನ್ನೂ ಚೂರುಗಳನ್ನೂ ಹೊಂಡದ ಬದಿಗೇ ರಾಶಿ ಹಾಕುತ್ತಾರಂತೆ. ಅದರ ಮೇಲೆ ಹುಲ್ಲು ಬೆಳೆದಾಗ ಗಟ್ಟಿ ನೆಲದ ಹಾಗೆ ಕಾಣುತ್ತದೆ. ಮಳೆಯಲ್ಲಿ ನೆನೆದ ಮೇಲೆ ಕಾಲಿಟ್ಟರೆ ಕುಸಿಯುತ್ತದೆ.

ಮಕ್ಕಳಿಗೆ ಬರೀ 'ಬೇಡ' ಎಂದರೆ ಸಮಾಧಾನವಾಗುವುದಿಲ್ಲ, ಅದು ನಿಮಗೂ ಗೊತ್ತು. ಮೇಸ್ತ್ರಿಯವರಿಗೂ ಗೊತ್ತಿತ್ತು. ಒಂದು ಹಗ್ಗಕ್ಕೆ ಅಡಿಗೊಂದರಂತೆ ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿದರು. ಅಡಿಕೆ ಕೊಯ್ಯುವ ದೋಟಿಯ ತುದಿಯಿಂದ ಅದನ್ನು ಇಳಿಬಿಟ್ಟು, ನಾವು ಗಟ್ಟಿ ಬಂಡೆಯ ಮೇಲೆ ಹಿಂದೆಯೇ ನಿಂತು ಆಳ ಅಳೆದೆವು. ಮೊಮ್ಮಗಳು ಪುಸ್ತಕದಲ್ಲಿ ಬರೆದುಕೊಂಡಳು. ಮೂಲೆಯಲ್ಲಿ 3 ಅಡಿ. ಅಲ್ಲಿಂದ ಎರಡು ಹೆಜ್ಜೆ ಆಚೆ 9 ಅಡಿ. ಮತ್ತೆ ಸ್ವಲ್ಪ ಆಚೆ 20 ಅಡಿ. ಹೊಳೆಯ ಹಾಗೆ ಮೆಲ್ಲ ಮೆಲ್ಲ ಆಳವಾಗುವ ಮಾತೇ ಇಲ್ಲ. ಕಲ್ಲನ್ನು ಸಾಲು ಸಾಲಾಗಿ ತೆಗೆದದ್ದರಿಂದ ಅಡಿಯಲ್ಲೂ ಮೆಟ್ಟಿಲು ಮೆಟ್ಟಿಲು. ಮೊಣಕಾಲು ನೀರಿನಲ್ಲಿ ನಿಂತ ಹುಡುಗ ಒಂದು ಹೆಜ್ಜೆ ಹಿಂದೆ ಇಟ್ಟರೆ ತಲೆಯ ಮೇಲೆ ನೀರು. ನೀರು ಹಸುರಾದ್ದರಿಂದ ಮೇಲಿನಿಂದ ಅದು ಕಾಣುವುದೂ ಇಲ್ಲ.

"ಬಿದ್ದರೆ ಹತ್ತಲಿಕ್ಕೆ ಎಲ್ಲಿ ಹಿಡಿಯುತ್ತಿ, ತೋರಿಸು" ಎಂದು ಮೇಸ್ತ್ರಿಯವರು ಮೊಮ್ಮಗನನ್ನು ಕೇಳಿದರು. ಅವನು ನಾಲ್ಕೂ ಬದಿ ನೋಡಿದ. ಗರಗಸ ಕೊಯ್ದ ಗೋಡೆ, ಅದರ ಮೇಲೆ ಪಾಚಿ. ಹಿಡಿಯಲು ಒಂದು ಬೇರೂ ಇರಲಿಲ್ಲ. ಅವನು ಮೆಲ್ಲನೆ ಚಪ್ಪಲಿ ಹಾಕಿಕೊಂಡ.

ವಾಪಸು ಇಳಿಯುವಾಗ ಮೇಸ್ತ್ರಿಯವರು ನನ್ನೊಬ್ಬನಿಗೆ ಕೇಳುವ ಹಾಗೆ ಹೇಳಿದರು: "ನಾನು ಆ ನೀರಿಗೆ ಎರಡು ಸಲ ಇಳಿದಿದ್ದೇನೆ ಬ್ಯಾಂಕಿನವರೇ. ಒಂದು ಸಲ ದನ ಬಿದ್ದಿತ್ತು. ಒಂದು ಸಲ ಹುಡುಗ. ದನ ಬದುಕಿತು." ಮತ್ತೆ ತೋಟ ಮುಟ್ಟುವವರೆಗೆ ಅವರು ಮಾತಾಡಲಿಲ್ಲ. ನಾನೂ ಕೇಳಲಿಲ್ಲ.

ಮೂವತ್ತು ಲಕ್ಷ ಲೀಟರಿನ ಲೆಕ್ಕ

ಮನೆಗೆ ಬಂದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಲೆಕ್ಕಕ್ಕೆ ತೊಡಗಿದೆ. ಬ್ಯಾಂಕಿನಲ್ಲಿ ಕೂಡಿಸಿ ಕಳೆದು ಬದುಕಿದವನಿಗೆ ಲೆಕ್ಕವಿಲ್ಲದೆ ಕಾಫಿ ರುಚಿಸುವುದಿಲ್ಲ. ನೀವೂ ಪೆನ್ಸಿಲು ತೆಗೆದುಕೊಳ್ಳಿ.

ಹೊಂಡದ ಉದ್ದ ಸುಮಾರು 30 ಮೀಟರ್, ಅಗಲ 20 ಮೀಟರ್, ಸರಾಸರಿ ಆಳ 5 ಮೀಟರ್ ಎಂದು ಇಟ್ಟುಕೊಳ್ಳೋಣ. ಗುಣಿಸಿದರೆ 3,000 ಘನ ಮೀಟರ್. ಒಂದು ಘನ ಮೀಟರಿಗೆ 1,000 ಲೀಟರ್. ಅಂದರೆ 30 ಲಕ್ಷ ಲೀಟರ್ ನೀರು! 12,000 ಲೀಟರಿನ ಟ್ಯಾಂಕರಿನಲ್ಲಿ ತುಂಬಿಸಿದರೆ 250 ಟ್ರಿಪ್ಪು. ಏಪ್ರಿಲ್ ತಿಂಗಳಲ್ಲಿ ಟ್ಯಾಂಕರಿಗೆ ಕಾಯುವವರಿಗೆ ಇದರ ಬೆಲೆ ಗೊತ್ತು.

ಇಷ್ಟು ನೀರು ಬಂದದ್ದೆಲ್ಲಿಂದ? ನಮ್ಮ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬರುತ್ತದೆ. ಎಂದರೆ ಮೂರೂವರೆ ಮೀಟರ್. ಹೊಂಡದ ಬಾಯಿಗೆ ನೇರವಾಗಿ ಬಿದ್ದ ಮಳೆಯೇ 21 ಲಕ್ಷ ಲೀಟರ್ ಆಯಿತು. ಉಳಿದದ್ದು ಸುತ್ತಲಿನ ಗುಡ್ಡದಿಂದ ಹರಿದು ಬಂದು ಸೇರುತ್ತದೆ. ಕೆಂಪು ಕಲ್ಲು ತೂತು ತೂತಾಗಿರುವುದರಿಂದ ಸ್ವಲ್ಪ ಇಂಗಿ ಹೋಗುತ್ತದೆ, ಕೆಳಗಿನ ತೋಟದ ಬಾವಿಗೆ ಒರತೆಯಾಗುತ್ತದೆ. ಅಡಿಯಲ್ಲಿ ಜೇಡಿ ಸಿಕ್ಕಿದ ಹೊಂಡಗಳಲ್ಲಿ ನೀರು ಬೇಸಿಗೆಯವರೆಗೂ ನಿಲ್ಲುತ್ತದೆ.

ನೆಲ ತೋಡಿ ನೀರು ಕಾಣುವ ವಿದ್ಯೆ ನಮ್ಮವರಿಗೆ ಹೊಸತಲ್ಲ. ಪುತ್ತೂರಿನ ಹೆಸರಿನ ಕಥೆಯೇ ಹಾಗಿದೆ. ಮಹಾಲಿಂಗೇಶ್ವರ ದೇವಸ್ಥಾನದ ಕೆರೆಯನ್ನು ಎಷ್ಟು ತೋಡಿದರೂ ನೀರು ಬರಲಿಲ್ಲವಂತೆ. ಕೊನೆಗೆ ಕೆರೆಯೊಳಗೇ ಎಲೆ ಹಾಕಿ ಊಟ ಬಡಿಸಿದಾಗ ನೀರು ಉಕ್ಕಿತಂತೆ, ಎಲೆಯಲ್ಲಿ ಉಳಿದ ಅನ್ನದ ಅಗುಳುಗಳು ಮುತ್ತಾದವಂತೆ. ಮುತ್ತಿನ ಊರು ಮುತ್ತೂರು, ಅದೇ ಪುತ್ತೂರು ಎಂದು ಹಿರಿಯರು ಹೇಳುತ್ತಾರೆ. ಅದು ಐತಿಹ್ಯ. ಕಣ್ಣಿಗೆ ಕಾಣುವ ಉದಾಹರಣೆ ಬೇಕಾದರೆ ಸುರಂಗಗಳನ್ನು ನೋಡಿ. ಇದೇ ಕೆಂಪು ಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ತರುವ ಕ್ರಮ ನಮ್ಮಲ್ಲಿ, ಕಾಸರಗೋಡಿನಲ್ಲಿ ಹಿಂದಿನಿಂದ ಬಂದದ್ದು. ನೆರೆಯ ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳು ಗುಡ್ಡದಲ್ಲಿ ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗವನ್ನು ನೀರಿಗಾಗಿಯೇ ಕೊರೆದರು, ಆದ್ದರಿಂದ ಅದಕ್ಕೊಬ್ಬ ಯಜಮಾನ ಇದ್ದಾನೆ. ಕೋರೆಯನ್ನು ತೋಡಿದ್ದು ಕಲ್ಲಿಗಾಗಿ. ಕಲ್ಲು ಮುಗಿದ ಮೇಲೆ ಅದರ ನೀರನ್ನು ಕೇಳುವವರಿಲ್ಲ. ತೊಂದರೆ ಇರುವುದು ಇಲ್ಲಿಯೇ.

ಕೋರೆಯೇ ಈಜುಕೊಳವಾದ ಊರು

"ಹಾಗಾದರೆ ಅಜ್ಜ, ಕೋರೆಯಲ್ಲಿ ಯಾರೂ ಈಜುವುದೇ ಇಲ್ಲವಾ?" ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಈಜುತ್ತಾರೆ, ಅದೂ ಟಿಕೆಟು ಕೊಟ್ಟು!

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಕೋರಲ್ ಗೇಬಲ್ಸ್ ಎಂಬ ಊರಿದೆ. ನೂರು ವರ್ಷದ ಹಿಂದೆ ಜಾರ್ಜ್ ಮೆರಿಕ್ ಎಂಬವರು ಆ ಊರನ್ನು ಹೊಸದಾಗಿ ಕಟ್ಟಿಸಿದರು. ಮನೆಗಳಿಗೆ ಬೇಕಾದ ಹವಳದ ಸುಣ್ಣಕಲ್ಲನ್ನು ಅಲ್ಲೇ ಒಂದು ಕೋರೆಯಿಂದ ತೆಗೆದರು. ಕಲ್ಲು ತೆಗೆದಾದ ಮೇಲೆ ಊರ ನಡುವೆ ದೊಡ್ಡ ಹೊಂಡ ಉಳಿಯಿತು. ನಮ್ಮಲ್ಲಾದರೆ ಕಸ ಹಾಕಲು ಶುರುಮಾಡುತ್ತಿದ್ದೆವೋ ಏನೋ. ಮೆರಿಕ್ ಹಾಗೆ ಮಾಡಲಿಲ್ಲ. ಡೆನ್ಮನ್ ಫಿಂಕ್ ಎಂಬ ಕಲಾವಿದರನ್ನೂ ಫಿನಿಯಸ್ ಪೈಸ್ಟ್ ಎಂಬ ವಾಸ್ತುಶಿಲ್ಪಿಯನ್ನೂ ಕರೆಸಿ, ಅದನ್ನು ಈಜುಕೊಳವಾಗಿ ಮಾಡಿಸಿದರು. 1924ರಲ್ಲಿ ಅದು ತೆರೆಯಿತು. ಗಾಂಧೀಜಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದದ್ದೂ ಅದೇ ವರ್ಷ. ಇಂದಿಗೂ ಜನ ಅಲ್ಲಿ ಈಜುತ್ತಾರೆ. ಹೆಸರು ವೆನೇಶಿಯನ್ ಪೂಲ್. ಚಿಕ್ಕ ಜಲಪಾತ, ಕಲ್ಲಿನ ಗುಹೆ, ಸೇತುವೆ ಎಲ್ಲ ಉಂಟು. ನೀರು ನೆಲದೊಳಗಿನದ್ದೇ. ಕೊಳ ಹಿಡಿಸುವ ನೀರು 8,20,000 ಗ್ಯಾಲನ್, ಅಂದರೆ ಸುಮಾರು 31 ಲಕ್ಷ ಲೀಟರ್. ನಮ್ಮ ಕಡಬದ ಹೊಂಡದ ಲೆಕ್ಕ ಎಷ್ಟಾಗಿತ್ತು? 30 ಲಕ್ಷ! ಹೆಚ್ಚು ಕಡಿಮೆ ಒಂದೇ.

ಅದೇ ದೇಶದ ಮಿನ್ನೆಸೋಟ ರಾಜ್ಯದ ವೇಟ್ ಪಾರ್ಕ್ ಎಂಬಲ್ಲಿ ಗ್ರಾನೈಟ್ ತೆಗೆದ ಹಳೆಯ ಕೋರೆಗಳ ಗುಂಪೇ ಇದೆ. ಅಲ್ಲಿನ ಜಿಲ್ಲಾಡಳಿತ ಆ ಜಾಗವನ್ನು ಕೊಂಡು 1998ರಲ್ಲಿ ಉದ್ಯಾನವಾಗಿ ತೆರೆಯಿತು. ಎಲ್ಲ ಹೊಂಡಕ್ಕೂ ಇಳಿಯುವ ಹಾಗಿಲ್ಲ. ಈಜಲು ಬೇರೆಯೇ ಗೊತ್ತುಮಾಡಿದ್ದಾರೆ. ಅದರಲ್ಲೊಂದರ ಆಳ 116 ಅಡಿ. ನಮ್ಮ ದೊಡ್ಡ ಅಡಿಕೆ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು.

ಇನ್ನೊಂದು ಕಥೆ ಇಂಗ್ಲೆಂಡಿನದ್ದು. ಡಾರ್ಬಿಶೈರಿನ ಹಾರ್ಪರ್ ಹಿಲ್ ಎಂಬಲ್ಲಿನ ಹಳೆಯ ಸುಣ್ಣಕಲ್ಲಿನ ಕೋರೆಯಲ್ಲಿ ನೀರು ಸಮುದ್ರದ ಹಾಗೆ ನೀಲಿ ನೀಲಿಯಾಗಿ ಹೊಳೆಯುತ್ತಿತ್ತು. ಜನ ಮಕ್ಕಳು ಮರಿಗಳೊಂದಿಗೆ ಬಂದು ಇಳಿಯುತ್ತಿದ್ದರು. ಆದರೆ ಆ ನೀಲಿ ಬಣ್ಣಕ್ಕೆ ಕಾರಣ ಸುಣ್ಣ. ನೀರಿನ ಕ್ಷಾರದ ಅಳತೆ 11.3, ಬಟ್ಟೆ ಬಿಳುಪು ಮಾಡುವ ದ್ರವಕ್ಕೆ ಹತ್ತಿರ! ಚರ್ಮ ಉರಿಯುತ್ತದೆ, ಕಣ್ಣು ಕೆಡುತ್ತದೆ ಎಂದು ಫಲಕ ಹಾಕಿದರೂ ಜನ ಬಂದೇ ಬಂದರು. ಕಡೆಗೆ 2013ರಲ್ಲಿ ಅಲ್ಲಿಯ ಆಡಳಿತ ನೀರಿಗೆ ಕಪ್ಪು ಬಣ್ಣ ಸುರಿಯಿತು. ಚಂದ ಹೋಯಿತು, ಜನ ದೂರವಾದರು. ಬಣ್ಣ ನೋಡಿ ನೀರನ್ನು ನಂಬಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ನಮ್ಮ ಕೆಂಪು ಕಲ್ಲಿನ ಹೊಂಡದಲ್ಲಿ ಸುಣ್ಣದ ತೊಂದರೆ ಇಲ್ಲ. ಆದರೆ ನಿಂತ ನೀರಿಗೆ ಇಲಿಯ ಮೂತ್ರ ಸೇರಿದರೆ ಇಲಿಜ್ವರ ಬರುತ್ತದೆ; ಕಾಲಿನ ಸಣ್ಣ ಗಾಯದ ಮೂಲಕವೂ ಅದು ಮೈಸೇರಬಹುದು. ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಆಸ್ಪತ್ರೆಗಳಿಗೆ ಈ ಜ್ವರದ ಪರಿಚಯ ಚೆನ್ನಾಗಿ ಇದೆ.

ಫ್ಲಾರಿಡಾದ ಕೊಳವೂ ಒಂದು ಕಾಲಕ್ಕೆ ನಮ್ಮ ಹೊಂಡದಂಥದ್ದೇ. ಈಗ ಅಲ್ಲಿ ಇಳಿಯಲು ಮೆಟ್ಟಿಲಿದೆ. ಹತ್ತಲು ಏಣಿ ಇದೆ. ನೋಡಿಕೊಳ್ಳುವ ಜೀವರಕ್ಷಕರಿದ್ದಾರೆ. ನೀರನ್ನು ಶುಚಿ ಮಾಡುತ್ತಾರೆ. ಮೂರು ವರ್ಷ ತುಂಬದ ಮಗುವನ್ನು ಒಳಗೇ ಬಿಡುವುದಿಲ್ಲ. ಸಂಜೆ ಬಾಗಿಲು ಹಾಕುತ್ತಾರೆ. ಎಲ್ಲಕ್ಕಿಂತ ಮುಖ್ಯ, ಏನಾದರೂ ಆದರೆ ಉತ್ತರ ಕೊಡಬೇಕಾದ ಒಂದು ನಗರಸಭೆ ಇದೆ. ನಮ್ಮ ಹೊಂಡಕ್ಕೆ ಇವುಗಳಲ್ಲಿ ಒಂದೂ ಇಲ್ಲ. ಕೆಲವು ಕಡೆ ಬೇಲಿಯೂ ಇಲ್ಲ.

ಬೇಲಿ ಹಾಕಿಸಬೇಕೆಂದು ಜಿಲ್ಲಾಡಳಿತ ಹೇಳುವುದುಂಟು. ಆದರೆ ಗುಡ್ಡದ ತುದಿಯ ಹೊಂಡ ಕಚೇರಿಗೆ ಕಾಣುವುದಿಲ್ಲ, ಊರವರಿಗೆ ಕಾಣುತ್ತದೆ. ಮಳೆಗಾಲಕ್ಕೆ ಮೊದಲು ನಡೆಯುವ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ದಾರಿದೀಪದ ಜೊತೆಗೆ 'ನಮ್ಮ ವಾರ್ಡಿನಲ್ಲಿ ಇಂತಿಷ್ಟು ಕೋರೆಗಳಿವೆ, ಬೇಲಿ ಇಲ್ಲ' ಎಂದು ಒಂದು ಅರ್ಜಿ ಕೊಟ್ಟರೆ ಅದು ದಾಖಲೆಗೆ ಸೇರುತ್ತದೆ. ಅರ್ಜಿಯ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲು ಮರೆಯಬೇಡಿ. ಇದು ಬ್ಯಾಂಕಿನಲ್ಲಿ ಕೂತವನ ಬುದ್ಧಿಮಾತು. ಎಲ್ಲ ಹೊಂಡವನ್ನೂ ಈಜುಕೊಳ ಮಾಡಲು ಸಾಧ್ಯವಿಲ್ಲ, ಬೇಕೂ ಇಲ್ಲ. ಕೆಲವನ್ನು ಮುಚ್ಚಬಹುದು, ಕೆಲವನ್ನು ಬೇಲಿ ಹಾಕಿ ಇಂಗುಗುಂಡಿಯಾಗಿ ಉಳಿಸಬಹುದು. ಊರಿಗೆ ಹತ್ತಿರದ ಒಂದಕ್ಕೆ ಇಳಿಜಾರು ಮಾಡಿ, ಮೆಟ್ಟಿಲು ಕಟ್ಟಿ, ಒಬ್ಬ ಕಾವಲಿನವನನ್ನು ಇಟ್ಟರೆ ಮಕ್ಕಳು ಈಜಲು ಕಲಿಯುವ ಜಾಗವೂ ಆದೀತು.

ಈಜು ಕಲಿಯಬೇಕು, ಎಲ್ಲಿ?

'ನೀರಿನ ಹತ್ತಿರ ಹೋಗಬೇಡ' ಎಂದು ಮಕ್ಕಳನ್ನು ಸಾಕಲು ಮರುಭೂಮಿಯಲ್ಲಾದರೆ ಆದೀತು. ಕುಮಾರಧಾರೆ, ನೇತ್ರಾವತಿ, ಪಯಸ್ವಿನಿ ಹರಿಯುವ ಊರಿನಲ್ಲಿ ಆಗುವ ಮಾತಲ್ಲ. ಅಂಗಳ ದಾಟಿದರೆ ತೋಡು, ತೋಟಕ್ಕೊಂದು ಕೆರೆ. ನಮ್ಮ ಕಾಲದಲ್ಲಿ ಡಿಸೆಂಬರಿನಲ್ಲಿ ತೋಡಿಗೆ ಕಟ್ಟ ಹಾಕುತ್ತಿದ್ದರು. ಕಟ್ಟದ ಹಿಂದೆ ಎದೆಮಟ್ಟದ ನೀರು ನಿಲ್ಲುತ್ತಿತ್ತು. ಮಾವನೋ ಚಿಕ್ಕಪ್ಪನೋ ಹೊಟ್ಟೆಯಡಿ ಕೈಕೊಟ್ಟು ಕಲಿಸುತ್ತಿದ್ದರು. ಬಾಳೆದಿಂಡನ್ನು ಅಪ್ಪಿಕೊಂಡು ಕಾಲು ಬಡಿಯುವುದು ಒಂದನೇ ಕ್ಲಾಸು. ಒಣ ತೆಂಗಿನಕಾಯಿ ಜೋಡಿಯನ್ನು ಸೊಂಟಕ್ಕೆ ಕಟ್ಟಿಕೊಂಡು ತೇಲುವುದು ಎರಡನೇ ಕ್ಲಾಸು. ಕಾಯಿ ಬಿಚ್ಚಿದ ದಿನ ಪಾಸು! ಈಗ ಕಟ್ಟ ಹಾಕುವವರು ಕಡಿಮೆ, ಮಾವಂದಿರು ಬೆಂಗಳೂರಿನಲ್ಲಿ.

ಆದರೆ ಕಲಿಯಲು ಜಾಗವೇ ಇಲ್ಲವೆಂದಲ್ಲ. ಪುತ್ತೂರಿನ ಪರ್ಲಡ್ಕದಲ್ಲಿ ಶಿವರಾಮ ಕಾರಂತರು ಬಾಳಿದ ಬಾಲವನ ಇದೆ. ಮಕ್ಕಳು ಬೆತ್ತದ ಭಯವಿಲ್ಲದೆ ಆಡಿ ಕಲಿಯಬೇಕೆಂದು ಅವರು ಕಟ್ಟಿದ ಜಾಗ. ಅಲ್ಲಿ ಈಜುಕೊಳವೂ ಇದೆ. ತರಬೇತು ಪಡೆದು ದೂರದ ಸ್ಪರ್ಧೆಗಳಿಗೆ ಹೋಗುವ ಮಕ್ಕಳು ಪುತ್ತೂರಿನಲ್ಲಿದ್ದಾರೆ. ಸ್ಪರ್ಧೆ ಎಲ್ಲರಿಗೂ ಬೇಡ. ಮೈ ಸಡಿಲ ಬಿಟ್ಟು ಅಂಗಾತ ತೇಲಲು, ಇಪ್ಪತ್ತೈದು ಮೀಟರ್ ಈಜಿ ದಡ ಸೇರಲು ಬಂದರೆ ಸಾಕು.

ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಅವರಲ್ಲಿ ಸುಮಾರು ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಇದನ್ನು ತಡೆಯಬೇಕೆಂದೇ ವಿಶ್ವಸಂಸ್ಥೆ 2021ರಿಂದ ಜುಲೈ 25ನ್ನು ಮುಳುಗುವಿಕೆ ತಡೆ ದಿನವೆಂದು ಗುರುತಿಸಿದೆ. ಜುಲೈ ಎಂದರೆ ನಮ್ಮಲ್ಲಿ ಆಟಿಯ ಮಳೆ, ಎಲ್ಲ ಹೊಂಡ ತುಂಬುವ ಹೊತ್ತು. ಶಾಲೆಯಲ್ಲಿ ಆ ದಿನ ಅರ್ಧ ಗಂಟೆ ಈ ಮಾತಾಡಿದರೆ ಒಳ್ಳೆಯದು. ಆರು ವರ್ಷ ದಾಟಿದ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರ ಕಲಿಸಿ, ನೀರಿಗೆ ಬೇಲಿ ಹಾಕಿ, ಪಕ್ಕದಲ್ಲಿದ್ದವರಿಗೆ ರಕ್ಷಣೆಯ ಕ್ರಮ ಕಲಿಸಿ ಎಂಬುದು ಆ ಸಂಸ್ಥೆ ಹೇಳುವ ಮುಖ್ಯ ಉಪಾಯಗಳು.

ಗೆಳೆಯ ನೀರಿಗೆ ಬಿದ್ದರೆ

ಈ ಭಾಗವನ್ನು ಮಕ್ಕಳು ಎರಡು ಸಲ ಓದಬೇಕು, ದೊಡ್ಡವರು ಮೂರು ಸಲ.

ಸಿನಿಮಾದಲ್ಲಿ ಮುಳುಗುವವರು ಕೈಬೀಸಿ ಕೂಗುತ್ತಾರೆ. ನಿಜವಾಗಿ ಹಾಗಲ್ಲ. ಉಸಿರು ಎಳೆಯಲೇ ಹೊತ್ತಿಲ್ಲದವನಿಗೆ ಕೂಗಲು ಆಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಸದ್ದೇ ಇಲ್ಲ. ಒಂದು ನಿಮಿಷದೊಳಗೆ ಮುಗಿದುಹೋಗಬಹುದು. ಆದ್ದರಿಂದ ನೀರಿನಲ್ಲಿ ಆಡುತ್ತಿದ್ದ ಗೆಳೆಯ ಇದ್ದಕ್ಕಿದ್ದಂತೆ ಸುಮ್ಮನಾದರೆ ಅದೇ ಗಂಟೆ ಬಾರಿಸಿದ ಹಾಗೆ.

ಹಾರಬೇಡಿ. ಒಬ್ಬ ಬಿದ್ದಲ್ಲಿ ಇಬ್ಬರು, ಇಬ್ಬರು ಬಿದ್ದಲ್ಲಿ ಮೂವರು ಹೋದ ಸುದ್ದಿಯನ್ನು ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ? ಮುಳುಗುವವನು ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತಾನೆ. ಅವನ ತಪ್ಪಲ್ಲ, ಜೀವದ ಗುಣ. ಹಿಡಿಯಲು ನಿಮ್ಮ ಕುತ್ತಿಗೆ ಕೊಡುವ ಬದಲು ಬೇರೇನಾದರೂ ಕೊಡಿ. ಮೊದಲು ಬೊಬ್ಬೆ ಹೊಡೆದು ದೊಡ್ಡವರನ್ನು ಕರೆಯಿರಿ. ಆಮೇಲೆ ಗಟ್ಟಿ ನೆಲದಲ್ಲಿ ಹೊಟ್ಟೆಯಡಿಯಾಗಿ ಮಲಗಿ ದೋಟಿ, ಕೊಡೆ, ಮರದ ಗೆಲ್ಲು ಚಾಚಿ. ಮುಟ್ಟದಿದ್ದರೆ ಹಗ್ಗ ಎಸೆಯಿರಿ; ಸೀರೆ, ಬೈರಾಸು, ಪಂಚೆ ಗಂಟು ಹಾಕಿದರೂ ಆದೀತು. ಮುಚ್ಚಳ ಹಾಕಿದ ಖಾಲಿ ಕ್ಯಾನು, ಒಣ ತೆಂಗಿನಕಾಯಿ, ಬಾಳೆದಿಂಡು ಯಾವುದಾದರೂ ಎಸೆದರೆ ಹಿಡಿದು ತೇಲಬಹುದು. 112ಕ್ಕೆ ಫೋನು ಮಾಡಿ, ಆಂಬುಲೆನ್ಸಿಗೆ 108.

ಮೇಲೆ ತಂದ ಮೇಲೆ ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಹಳೆಯ ಕ್ರಮ. ವೈದ್ಯರು ಈಗ ಅದು ಬೇಡ ಎನ್ನುತ್ತಾರೆ. ಉಸಿರು ಇಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಮೇಲೆತ್ತಿ, ಮೂಗು ಮುಚ್ಚಿ ಬಾಯಿಂದ ಬಾಯಿಗೆ ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಸಲ ಉಸಿರು, ಆಂಬುಲೆನ್ಸು ಬರುವ ತನಕ ಇದೇ ಕ್ರಮ. ಇದನ್ನು ಓದಿ ಕಲಿಯುವುದಕ್ಕಿಂತ ಗೊತ್ತಿದ್ದವರಿಂದ ಒಮ್ಮೆ ಮಾಡಿ ಕಲಿಯುವುದು ಒಳ್ಳೆಯದು. ಊರಿನ ಯುವಕ ಮಂಡಲ, ಸ್ತ್ರೀಶಕ್ತಿ ಸಂಘದವರು ಆರೋಗ್ಯ ಕೇಂದ್ರದವರನ್ನು ಕರೆಸಿ ಒಂದು ಆದಿತ್ಯವಾರ ಇದನ್ನು ಇಟ್ಟುಕೊಳ್ಳಬಹುದು.

ಈ ವಾರದ ಮನೆಗೆಲಸ

ಕೊನೆಗೆ ಮಕ್ಕಳಿಗೆ ಒಂದು ಕೆಲಸ. ನಿಮ್ಮ ಮನೆ ಕಟ್ಟಿದ ಕಲ್ಲು ಯಾವ ಗುಡ್ಡದ್ದು ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಳ್ಳಿ. ಆ ಕೋರೆ ಈಗ ಹೇಗಿದೆ, ನೀರಿದೆಯೇ, ಬೇಲಿ ಇದೆಯೇ, ಹತ್ತಿರದ ಮನೆ ಎಷ್ಟು ದೂರ ಎಂದು ದೊಡ್ಡವರ ಜೊತೆ ಹೋಗಿ ದೂರದಿಂದ ನೋಡಿ. ನೋಡಿದ್ದನ್ನು ಒಂದು ಹಾಳೆಯಲ್ಲಿ ಬರೆದು ಶಾಲೆಯ ಮಾಸ್ತರರಿಗೆ ಕೊಡಿ. ಒಂದು ಪ್ರತಿ ಪಂಚಾಯತಿಗೂ ಹೋಗಲಿ.

ನನ್ನ ಮೊಮ್ಮಗಳು ತನ್ನ ಹಾಳೆಯನ್ನು ಆಗಲೇ ಬರೆದಿದ್ದಾಳೆ. 3 ಅಡಿ, 9 ಅಡಿ, 20 ಅಡಿ ಎಂದು ಚಿತ್ರ ಸಮೇತ. ಅದರ ಅಡಿಯಲ್ಲಿ ಕೆಂಪು ಪೆನ್ನಿನಿಂದ 'ಬೇಲಿ ಇಲ್ಲ' ಎಂದು ಎರಡು ಗೆರೆ ಎಳೆದಿದ್ದಾಳೆ. ಮೊಮ್ಮಗ ಬೆಂಗಳೂರಿಗೆ ಹೊರಡುವ ಮೊದಲು ಬೇಸಿಗೆ ರಜೆಗೆ ಬಾಲವನದಲ್ಲಿ ಈಜಲು ಸೇರಿಸುವುದಾಗಿ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಹಾಳೆಯನ್ನು ಪಂಚಾಯತಿಗೆ ಮುಟ್ಟಿಸಿ ಮುದ್ರೆ ಹಾಕಿಸಿಕೊಂಡು ಬರುವ ಕೆಲಸ ನನ್ನ ಪಾಲಿನದ್ದು.